ಮದುವೆಗೂ ತಿಥಿಗೂ ಒಂದೇ ಮೊಳೆ

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನ ಟೈಲರ್ ಅಂಗಡಿಗೂ ರಾಧಾಮಣಿಯ ಪ್ರಿಂಟಿಂಗ್ ಪ್ರೆಸ್ಸಿಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಆ ಕಡೆ ಟ್ರೆಡಲ್ ಮಷೀನು ತುಳಿಯಲು ಶುರು ಮಾಡಿದರೆ ಈ ಕಡೆ ಗೋಡೆಗೆ ನೇತುಹಾಕಿದ ನನ್ನ ಕತ್ತರಿ ಕುಣಿಯುತ್ತದೆ. "ಏನ್ ಸೆಲ್ವಿ, ಭೂಕಂಪನಾ?" ಎಂದು ಗಿರಾಕಿಗಳು ಕೇಳುತ್ತಾರೆ. ಚಿನ್ನದ ಗಣಿ ನಡೆಯುತ್ತಿದ್ದಾಗ ನೆಲವೇ ನಡುಗುತ್ತಿದ್ದ ಊರು ಇದು. ಇಷ್ಟಕ್ಕೇ ಹೆದರುವವರು ಬೇರೆ ಕಡೆ ಬ್ಲೌಸ್ ಹೊಲಿಸಿಕೊಳ್ಳಲಿ.

ರಾಧಾಮಣಿ ಬೂದಿಕೋಟೆ ಕಡೆಯ ಕೂಲಿಯವರ ಮನೆಯ ಹುಡುಗಿ. ಮುನಿರಾಜನನ್ನು ಮದುವೆಯಾಗಿ ನೇರ ಪ್ರೆಸ್ಸಿಗೇ ಬಂದಳು ಎನ್ನಬೇಕು. ಅತ್ತೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ತಿಳಿಯುವ ಮೊದಲೇ ಯಾವ ಖಾನೆಯಲ್ಲಿ ಯಾವ ಅಕ್ಷರದ ಮೊಳೆ ಇದೆ ಎಂದು ಕಲಿತುಬಿಟ್ಟಳು. ಸೀಸದ ಪುಟ್ಟ ಮೊಳೆಗಳನ್ನು ಒಂದೊಂದಾಗಿ ಎತ್ತಿ, ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಸಾಲು ಜೋಡಿಸುವುದನ್ನು ಗಂಡನೇ ಹೇಳಿಕೊಟ್ಟಿದ್ದ. ಕಂಪ್ಯೂಟರು ಬಂತು, ಫ್ಲೆಕ್ಸು ಬಂತು, ಬೀದಿಯ ಉಳಿದ ಪ್ರೆಸ್ಸಿನವರೆಲ್ಲ ಮಷೀನುಗಳನ್ನು ಗುಜರಿಗೆ ಹಾಕಿದರು. ಮುನಿರಾಜ ಮಾತ್ರ ಬಿಲ್ ಬುಕ್ಕು ಅಚ್ಚು ಹಾಕುತ್ತಾ ಕಾಲ ತಳ್ಳಿದ. ಒಂದು ದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ತಿಥಿಯ ಊಟದ ಎಲೆ ಇನ್ನೂ ಎತ್ತಿರಲಿಲ್ಲ, ಅವಳ ಮೈದುನ ನರೇಶ ಗುಜರಿಯವನನ್ನು ಕರೆದುಕೊಂಡು ಬಂದ. ರಾಧಾಮಣಿ ಬಾಗಿಲಿಗೆ ಅಡ್ಡ ನಿಂತಳು.

"ಮೊದ್ಲು ನನ್ ತೂಕ ಆಕು. ಆಮೇಲೆ ಮಷೀನ್ದು ಆಕುವಂತೆ."

ಗುಜರಿಯವನು ತಕ್ಕಡಿ ಎತ್ತಿಕೊಂಡು ಓಡಿದ. ನರೇಶ ಓಡಲಿಲ್ಲ. "ಎಷ್ಟ್ ದಿನ ತುಳೀತಾಳೋ ನಾನೂ ನೋಡ್ತೀನಿ" ಎಂದು ಹೇಳಿ ಹೋದ. ಅವತ್ತಿನಿಂದ ಆ ಮಷೀನು ನಿಲ್ಲುವುದನ್ನೇ ಕಾಯುತ್ತಿದ್ದಾನೆ.

ಅವಳು ನಿಲ್ಲಿಸಲಿಲ್ಲ. ಹತ್ತಿ ಚಿಂದಿಯಿಂದ ಮಾಡಿದ ದಪ್ಪ ಕಾಗದ ತರಿಸಿದಳು. ಅದರಲ್ಲಿ ನನ್ನ ಅಂಗಡಿಯ ಚೂರುಗಳೂ ಇರಬಹುದು, ಯಾರು ಕಂಡರು! ಅದರ ಮೇಲೆ ಮದುವೆ ಪತ್ರಿಕೆ ಅಚ್ಚು ಹಾಕಲು ಶುರು ಮಾಡಿದಳು. ಮುನಿರಾಜ ಇದ್ದಾಗ, ಕಾಗದದ ಹಿಂದೆ ಮೊಳೆಯ ಗುರುತು ಬಿದ್ದರೆ ಕೈ ಸರಿಯಿಲ್ಲ ಎಂದು ಬೈಯುತ್ತಿದ್ದ. ಇವಳು ಬೇಕೆಂದೇ ಒತ್ತಿ ಹಾಕುತ್ತಾಳೆ. ಅಕ್ಷರ ಕಾಗದದೊಳಕ್ಕೆ ಇಳಿಯಬೇಕು, ಬೆರಳಿಗೆ ಸಿಗಬೇಕು. ಮೊದಲ ಹಾಳೆ ಹೊರಬಂದಾಗ ಕಣ್ಣು ಮುಚ್ಚಿ ಅದರ ಮೇಲೆ ಬೆರಳು ಸವರಿ, "ಸೆಲ್ವಕ್ಕಾ, ಬಾ ಇಲ್ಲಿ, ಮುಟ್ಟಿ ನೋಡು!" ಎಂದು ಗೋಡೆ ಗುದ್ದುತ್ತಾಳೆ. ನೂರು ಸಲ ಮುಟ್ಟಿದ್ದೇನೆ. ಆದರೂ ಎದ್ದು ಹೋಗುತ್ತೇನೆ. ಆ ಹೊತ್ತಿನ ಅವಳ ಮುಖ ನೋಡುವುದೇ ಒಂದು ಖುಷಿ.

ಹೋದ ವರ್ಷ ಬೇತಮಂಗಲದ ಕಡೆಯಿಂದ ಲಿಖಿತ ಎಂಬ ಹುಡುಗಿ ತನ್ನ ಮದುವೆ ಪತ್ರಿಕೆಗೆ ಬಂದಳು. ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮುನಿಸ್ವಾಮಪ್ಪನ ಮಗಳು. ಅವಳಿಗೆ ನೆನಪು ಬರುವ ಮೊದಲೇ ತಾಯಿ ತೀರಿಕೊಂಡಿದ್ದರು. ಸಾಕಿದ್ದು ಸೋದರತ್ತೆ ಮುನಿನಾರಾಯಣಮ್ಮ. ಬರೆದು ತಂದಿದ್ದ ಒಕ್ಕಣೆ ಓದಿ ರಾಧಾಮಣಿ ಕೇಳಿದಳು, "ಕರೆಯೋರ ಎಸರ್ನಾಗೆ ನಿಮ್ಮತ್ತೆ ಎಸರೇ ಇಲ್ವಲ್ಲಮ್ಮ?"

"ಅತ್ತೇನೇ ಬ್ಯಾಡ ಅಂದ್ರಕ್ಕ. ಅವ್ರಿಗೆ ಯಜಮಾನ್ರಿಲ್ಲ. ಶುಭಕಾರ್ಯಕ್ಕೆ ಆಗಲ್ಲವಂತೆ."

ರಾಧಾಮಣಿ ಬರೆದಿದ್ದಂತೆಯೇ ಮೊಳೆ ಜೋಡಿಸಿದಳು.

ಪ್ರೂಫ್ ನೋಡಲು ಮುನಿಸ್ವಾಮಪ್ಪ ಅಕ್ಕನನ್ನೂ ಕರೆದುಕೊಂಡು ಬಂದ ದಿನ ಗ್ರಹಚಾರಕ್ಕೆ ಮೇಜಿನ ಮೇಲೆ ಕಪ್ಪು ಅಂಚಿನ ತಿಥಿ ಪತ್ರಿಕೆಗಳು ಒಣಗುತ್ತಿದ್ದವು. ಮುನಿನಾರಾಯಣಮ್ಮ ಓದು ಬಾರದವರು, ಆದರೆ ಕಪ್ಪು ಅಂಚು ಓದಲು ಶಾಲೆಗೆ ಹೋಗಬೇಕೇ?

"ಇದ್ನೂ ಅದ್ನೂ ಒಂದೇ ಮೊಳೇನಾಗೆ ಒತ್ತೀಯಾ?"

"ಊ ಕಣಮ್ಮ. ಸೀಮೆಎಣ್ಣೇಲಿ ತೊಳೀತೀನಿ."

"ನಿಮ್ ಯಜಮಾನ್ರೆಲ್ಲಿ?"

"ತೀರ್ಕಂಡ್ರು."

"ಅಯ್ಯೋ ದೇವ್ರೇ! ಗಂಡ ಇಲ್ದೋಳ ಕೈನಾಗೆ, ಸಾವಿನ ಮೊಳೇನಾಗೆ, ನಮ್ಮುಡುಗಿ ಲಗ್ನಪತ್ರಿಕೇನಾ? ಏಳೋ ಮುನಿಸ್ವಾಮಿ, ನಡಿ!"

ಹಾಗೆ ಕೂಗಿದ ಅವರ ಹಣೆಯೂ ಬೋಳೇ. ಮುನಿಸ್ವಾಮಪ್ಪನಿಗೂ ಹೆಂಡತಿ ಇಲ್ಲ, ಆದರೆ ಪತ್ರಿಕೆಯಲ್ಲಿ ಅವನ ಹೆಸರು ಎಲ್ಲರಿಗಿಂತ ಮೇಲಿತ್ತು! ಗಂಡಸು ಹೆಂಡತಿಯನ್ನು ಕಳೆದುಕೊಂಡರೆ ಪಾಪ ಅನ್ನುತ್ತಾರೆ, ಹೆಂಗಸು ಗಂಡನನ್ನು ಕಳೆದುಕೊಂಡರೆ ಪಾಪಿ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಊರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಮಾತು ಹಾಲಿನ ಕ್ಯಾನುಗಳ ಜೊತೆ ಬಂಗಾರಪೇಟೆವರೆಗೂ ಹೋಯಿತು. ಬಂದಿದ್ದ ಎರಡು ಮೂರು ಮದುವೆ ಕೆಲಸಗಳು ವಾಪಸು ಹೋದವು. ಮದುವೆ ಪತ್ರಿಕೆ ನಿಂತರೆ ಪ್ರೆಸ್ಸೇ ನಿಂತಂತೆ. ನರೇಶ ಬೀದಿಯಲ್ಲಿ ಮತ್ತೆ ಸುಳಿದಾಡತೊಡಗಿದ.

ನಾನು ಒಂದು ಉಪಾಯ ಹೇಳಿದೆ. "ಏ, ಬಾ ಇಲ್ಲಿ. ನಾನು ಮುತ್ತೈದೆ. ಇಷ್ಟಗಲ ಕುಂಕುಮ ಇಟ್ಕೊಂಡು ಮುಂದ್ಗಡೆ ನಾನು ಕೂತ್ಕೋತೀನಿ. ನೀನು ಒಳಗಿದ್ದು ತುಳಿ. ಮೊಳೆ ಬೇರೆ ಬೇರೆ ಅಂದ್ಬಿಡೋಣ."

"ನಾನೇನ್ ಕಳ್ಳಭಟ್ಟಿ ಕಾಯಿಸ್ತಿದ್ದೀನಾ ಸೆಲ್ವಕ್ಕ, ಬಚ್ಚಿಟ್ಕಳಾಕೆ?" ಎಂದು ನನ್ನ ಮೇಲೇ ರೇಗಿದಳು.

ಅವತ್ತು ಮಧ್ಯಾಹ್ನ ಊಟವನ್ನೂ ಮಾಡದೆ ದೊಡ್ಡ ದೊಡ್ಡ ಮೊಳೆ ಜೋಡಿಸಿ ಒಂದು ಹಾಳೆ ಅಚ್ಚು ಹಾಕಿದಳು. ಮದುವೆ ಪತ್ರಿಕೆಯ ಕೆಂಪು ಇಂಕಿನಲ್ಲೇ. ಅದನ್ನು ಒಯ್ದು ಬಾಗಿಲಿಗೆ ಅಂಟಿಸಿದಳು:

"ಇಲ್ಲಿ ಮದುವೆಗೂ ತಿಥಿಗೂ ಒಂದೇ ಮೊಳೆ. ಅಚ್ಚು ಹಾಕುವವಳು ರಾಧಾಮಣಿ. ಗಂಡ ತೀರಿಕೊಂಡಿದ್ದಾರೆ. ಒಪ್ಪಿದವರು ಒಳಗೆ ಬನ್ನಿ."

"ನಿನಗೆ ತಲೆ ಕೆಟ್ಟಿದೆ" ಎಂದೆ. "ಕೆಟ್ರೆ ಕೆಡ್ಲಿ, ತಲೆ ಬಗ್ಸಲ್ಲ" ಎಂದಳು. ಬೀದಿಯವರು ಓದಿ ನಕ್ಕರು. ಒಳಗೆ ಯಾರೂ ಬರಲಿಲ್ಲ. ನನ್ನ ಕತ್ತರಿ ಗೋಡೆಗೆ ಅಂಟಿದಂತೆ ಅಲುಗದೆ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅವಳು ಮಾತ್ರ ಲಿಖಿತಳ ಪತ್ರಿಕೆಗೆ ಜೋಡಿಸಿದ್ದ ಮೊಳೆಗಳನ್ನು ಬಿಚ್ಚಲೇ ಇಲ್ಲ. ಕಬ್ಬಿಣದ ಚೌಕಟ್ಟಿನಲ್ಲಿ ಹಾಗೇ ಬಿಗಿದು ಇಟ್ಟಿದ್ದಳು.

ಒಂದು ವಾರ ಕಳೆದಿರಬಹುದು. ಬ್ಲೌಸಿನ ಅಳತೆ ಕೊಡುವ ನೆಪದಲ್ಲಿ ಲಿಖಿತ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನನ್ನ ಅಂಗಡಿಗೆ ಬಂದಳು. ಅಳತೆ ಮುಗಿದದ್ದೇ ಅತ್ತೆಯ ಕೈ ಹಿಡಿದು ಪಕ್ಕದ ಬಾಗಿಲಿಗೆ ಎಳೆದುಕೊಂಡು ಹೋದಳು. "ಪತ್ರಿಕೆ ಇಲ್ಲೇ ಆಗ್ಬೇಕತ್ತೆ. ಇಲ್ದಿದ್ರೆ ಪತ್ರಿಕೇನೇ ಬ್ಯಾಡ" ಎಂದು ಹೇಳಿ, ಬಾಗಿಲಲ್ಲಿದ್ದುದನ್ನು ಗಟ್ಟಿಯಾಗಿ ಓದಿದಳು. ನಾನು ಟೇಪು ಕೊರಳಲ್ಲೇ ಹಾಕಿಕೊಂಡು ಹಿಂದೆ ಓಡಿದೆ.

ಮುನಿನಾರಾಯಣಮ್ಮ ಕೆಂಡವಾದರು. "ನಾಚ್ಕೆ ಇಲ್ದೆ ಬೀದೀಗ್ ಬರ್ದಾಕವ್ಳಲ್ಲೇ!"

ರಾಧಾಮಣಿ ಒಳಗಿಂದ ಬಂದಳು. "ನಾನ್ಯಾಕಮ್ಮ ನಾಚ್ಕಬೇಕು? ನಾನೇನ್ ಸಾಯ್ಸಿದ್ನಾ? ನೀವೇನ್ ಸಾಯ್ಸಿದ್ರಾ?"

ಮುದುಕಿ ಹೊರಡಲು ತಿರುಗಿದರು, ರಾಧಾಮಣಿ ಬಿಡಲಿಲ್ಲ.

"ನಿಮ್ ತಮ್ಮಂಗೂ ಎಂಡ್ತಿ ಇಲ್ಲ. ಅವ್ರೆಸರು ತಲೆ ಮೇಲೈತೆ. ಈ ಉಡುಗೀನ ಎತ್ತಾಡ್ಸಿ ಬೆಳೆಸ್ದೋಳು ನೀವು. ನಿಮ್ಮೆಸರೆಲ್ಲೈತೆ?"

ಉತ್ತರಕ್ಕೆ ಕಾಯಲಿಲ್ಲ. ಚೌಕಟ್ಟು ಸಡಿಲಿಸಿ, ಖಾನೆಗಳಿಂದ ಮೊಳೆ ಎತ್ತಿ ಎತ್ತಿ, ಪತ್ರಿಕೆಯ ಕೆಳಗೆ ಒಂದು ಸಾಲು ಸೇರಿಸಿ ಬಿಗಿದಳು. ಮಷೀನು ತುಳಿದಳು. ಬಂದ ಹಾಳೆಯನ್ನು ಮುದುಕಿಯ ಕೈಗೆ ಕೊಟ್ಟಳು. ಲಿಖಿತ ಅತ್ತೆಯ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟಳು. "ಇದೇ ನೋಡತ್ತೆ. ಶ್ರೀಮತಿ ಮುನಿನಾರಾಯಣಮ್ಮ."

ಹಾಲು ಕರೆದು ಕರೆದು ಗಟ್ಟಿಯಾದ ಬೆರಳು ಅದು. ಅಕ್ಷರದ ತಗ್ಗಿನಲ್ಲಿ ನಿಧಾನವಾಗಿ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಇಂಕು ಇನ್ನೂ ಹಸಿಯಾಗಿತ್ತು, ಬೆರಳ ತುದಿ ಕೆಂಪಾಯಿತು. ಹಾಳೆಯನ್ನು ಹರಿದು ಹಾಕುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ.

"ಮುನಿಸ್ವಾಮಿ ಎಸರೆಲ್ಲೈತೆ?" ಎಂದು ಕೇಳಿದರು.

ಲಿಖಿತ ಬೆರಳನ್ನು ಮೇಲಕ್ಕೆ ಒಯ್ದು ತೋರಿಸಿದಳು.

ಮುನಿನಾರಾಯಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ರಾಧಾಮಣಿಯ ಕಡೆ ತಿರುಗಿದರು. "ಅವ್ನು ಉಟ್ಟಿದಾಗ ತೊಟ್ಲು ತೂಗಿದೋಳು ನಾನು. ನನ್ನೆಸರು ಯಾಕೆ ಕೆಳಗಾಕಿದ್ದೀಯಾ? ಅವನ್ಗಿಂತ ಮೇಲಾಕು."