ಹೊರಗಿನವಳ ಕಿಡ್ನಿ

ವಾಡಿ ಸ್ಟೇಷನ್ನಿನಲ್ಲಿ ಮದ್ರಾಸ್ ಗಾಡಿ ಹತ್ತುವಾಗ ನನ್ನ ಎರಡೂ ಕಿಡ್ನಿ ನನ್ನ ಮೈಯಲ್ಲೇ ಇದ್ದವು. ಮರಳಿ ಬಂದಾಗ ಒಂದು ತಮ್ಮನ ಹೊಟ್ಟೆಯಲ್ಲಿತ್ತು. ಅವನವು ಎರಡೂ ಕೆಟ್ಟಿದ್ದವು. ಎಂಬತ್ತರ ದಶಕದ ಮಾತು. ತಮ್ಮ ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ, ನಾನು ಚಿತ್ತಾಪುರಕ್ಕೆ ಮದುವೆ ಮಾಡಿ ಕೊಟ್ಟವಳು.

ಆಸ್ಪತ್ರೆ ಬಿಡುವ ದಿನ ಧಾರವಾಡ ಕಡೆಯ ಡಾಕ್ಟರೊಬ್ಬರು ಅವ್ವನನ್ನು ಕೂಡಿಸಿಕೊಂಡು ಹೇಳಿದರು: “ರಕ್ತದಾಗ ಟಿ ಕಣ ಅಂತ ಇರ್ತಾವ್ರಿ, ಮೈ ಕಾಯ್ತಾವ. ಹೊರಗಿಂದು ಕಂಡ್ರ ಹರಿದು ಹಾಕ್ತಾವ. ಮಗಳ ಕಿಡ್ನಿ ಅವಕ್ಕ ಹೊರಗಿಂದು. ಈ ಗುಳಿಗಿ ಅವನ್ನ ಕಟ್ಟಿ ಹಾಕ್ತಾವ. ಜೀವ ಇರೂತನಕ ಬಿಡಬ್ಯಾಡ್ರಿ.”

ಅವ್ವನ ಕಿವಿಗೆ ಬಿದ್ದದ್ದು ‘ಹೊರಗಿಂದು’ ಎಂಬುದೊಂದೇ. ಕೊಟ್ಟ ಮಗಳು ಹೊರಗಿನವಳೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಗುಳಿಗೆಗಳು ತಮ್ಮನ ಮುಖ ಊದಿಸಿದವು, ಸಿಟ್ಟನ್ನೂ ಊದಿಸಿದವು. ಉಣ್ಣುವ ತಾಟನ್ನು ಗೋಡೆಗೆ ಬಡಿಯುತ್ತಿದ್ದ. ಮುಖ ನೋಡಿ ನಕ್ಕ ಗೆಳೆಯನ ಹಲ್ಲು ಉದುರಿಸಿದ. ರೊಟ್ಟಿ ತಣ್ಣಗಿದೆಯೆಂದು ಅವ್ವನನ್ನೇ ಕಂಬಕ್ಕೆ ನೂಕಿದ. ಹಣೆ ಒಡೆದು ರಕ್ತ ಸೀರೆಗೆ ಇಳಿಯಿತು.

ಆ ಗಾಯ ಒಣಗುವ ಮೊದಲೇ ನಾಗರ ಪಂಚಮಿ ಬಂತು. ಅವ್ವ ನನ್ನನ್ನು ಕರೆಸಿ, ಹೊಸ ಸೀರೆ ಉಡಿಸಿ, ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಶಿನಕೊಂಬು ಹಾಕಿ ಉಡಿ ತುಂಬಿದಳು. ಆಮೇಲೆ ನನ್ನ ಪಕ್ಕೆಯ ಹೊಲಿಗೆ ಮುಟ್ಟಿ, “ಈಗ ನೀ ಮನಿಯಾಕಿ. ನೀ ಕೊಟ್ಟಿದ್ದೂ ಮನೀದು,” ಎಂದಳು. ಪ್ರೀತಿ ಅಂದುಕೊಂಡು ಕಣ್ಣೀರು ಹಾಕಿದೆ. ನಾನು ಬಸ್ಸು ಹತ್ತಿದ ಮೇಲೆ ಅವ್ವ ಗುಳಿಗೆಗಳನ್ನೆಲ್ಲ ಒಲೆಗೆ ಸುರಿದಳು. ಕಿಡ್ನಿ ಮನೆಯದೇ ಆದಮೇಲೆ ಗುಳಿಗೆ ಯಾಕೆ ಎಂಬುದು ಅವಳ ಲೆಕ್ಕ.

ತಮ್ಮನ ಮುಖ ಇಳಿಯಿತು, ಸಿಟ್ಟೂ ಇಳಿಯಿತು. ಓಣಿಯವರು ಅವ್ವನನ್ನು ಹೊಗಳಿದರು. ಆಮೇಲೆ ಜ್ವರ ಬಂತು, ಮೂತ್ರ ನಿಂತಿತು, ಕಿಬ್ಬೊಟ್ಟೆಯಲ್ಲಿ ನನ್ನ ಕಿಡ್ನಿ ಕಲ್ಲಿನಂತೆ ಬಿಗಿಯಿತು. ಕಟ್ಟು ಬಿಚ್ಚಿದ ಆ ಕಣಗಳು ಅದನ್ನು ಹರಿಯತೊಡಗಿದ್ದವು. ನಾನು ಓಡಿ ಬಂದೆ. ಒಲೆಯ ಸಂಗತಿ ಕೇಳಿದ್ದೇ ಅವ್ವನ ಕೂದಲು ಹಿಡಿದು ಎಳೆದೆ. ಮಂದಿ ಬಿಡಿಸಿದರು.

“ಉಡಿ ತುಂಬೀನಲ್ಲ, ಇನ್ನೂ ಹ್ಯಾಂಗ ಹೊರಗಿಂದು ಆಗ್ತದ?” ಎಂದು ಕೇಳಿದಳು.

ಮದ್ರಾಸಿನಲ್ಲಿ ಸೂಜಿಯ ಮೇಲೆ ಸೂಜಿ ಚುಚ್ಚಿದರು. ಕಣಗಳು ಹತೋಟಿಗೆ ಬರಲಿಲ್ಲ. ಸತ್ತ ಕಿಡ್ನಿಯನ್ನು ಕೊಯ್ದು ತೆಗೆದರು. ವಾರ್ಡಿನ ಹೊರಗೆ ಅವ್ವ ನನ್ನ ಇನ್ನೊಂದು ಪಕ್ಕೆಗೆ ಕೈಯಿಟ್ಟು ಮೆಲ್ಲಗೆ, “ಇನ್ನೊಂದು ಅದ ಅಲ್ಲ ನಿಂದು?” ಎಂದಳು.

ಕೈಯಲ್ಲಿದ್ದ ತಂಬಿಗೆಯನ್ನು ಅವಳ ತಲೆಗೇ ಬೀಸಿದೆ. ಅದು ಗೋಡೆಗೆ ಬಡಿಯಿತು. ಹೆದರಿಸಲು ಎಸೆದೆನೆಂದು ನೆಂಟರು ಹೇಳುತ್ತಾರೆ. ಅಲ್ಲ, ಗುರಿ ತಪ್ಪಿತು.

ತಮ್ಮ ಉಳಿಯಲಿಲ್ಲ. ಮರುವರ್ಷದ ಪಂಚಮಿಗೆ ಅವ್ವ ತಾನೇ ಚಿತ್ತಾಪುರಕ್ಕೆ ಬಂದು ಉಡಿ ತುಂಬಿದಳು. ಸೆರಗೊಡ್ಡಿ ತುಂಬಿಸಿಕೊಂಡೆ. ಹೊಸ್ತಿಲು ದಾಟಿ ಬೀದಿಗಿಳಿದು, ಅವಳ ಕಣ್ಣೆದುರಿಗೇ ಸೆರಗು ಕೊಡವಿದೆ. ಅಕ್ಕಿ, ಕೊಬ್ಬರಿ ಎಲ್ಲ ದೂಳಿಗೆ ಬಿದ್ದವು.

“ನಾ ಹೊರಗಿನಾಕಿ, ಅವ್ವ,” ಎಂದೆ.