ಕೆರೆಯ ಒಳನೀರು ಎತ್ತ ಹೋಗುತ್ತದೆ

ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ನಮ್ಮೂರಿನ ಹಿರಿಯರು ಕೆರೆಯ ದಂಡೆಯಲ್ಲಿ ಒಂದು ಬಾವಿ ತೋಡಿಸಲು ನಿರ್ಧರಿಸಿದರು. ಶಲವಡಿಯ ಆಚೆಗಿನ ಕರಿಮಣ್ಣಿನ ಊರು ನಮ್ಮದು. ನೆಲದಡಿಯ ನೀರು ಸವುಳು. ಕುಡಿಯಲು ಮಳೆನೀರಿನ ಕೆರೆಯೊಂದೇ. ಕೆರೆಯ ನೀರನ್ನು ಪೈಪಿನಲ್ಲಿ ಬಿಟ್ಟುಕೊಂಡು, ಮರಳಿನಲ್ಲಿ ಸೋಸಿ, ಬಾವಿಯಿಂದ ಸೇದಿಕೊಳ್ಳಬೇಕು ಎಂಬುದು ಅವರ ವಿಚಾರ.

ಊರು ಕೆರೆಯ ಮೂಡಣಕ್ಕಿದೆ. ಆದರೆ ಮೂಡಣ ದಂಡೆಯ ನೀರಿನ ಮೇಲೆ ಆಗಾಗ ಎಲೆ, ಹೊಟ್ಟು, ಹಸಿರು ಪಾಚಿ ಬಂದು ನಿಲ್ಲುತ್ತಿತ್ತು. ಹೀಗಾಗಿ ಹಿರಿಯರಲ್ಲಿ ಒಬ್ಬರಾಗಿದ್ದ ನನ್ನ ಕಾಕಾ ಪಡುವಣ ದಂಡೆಯೇ ಆಗಲಿ ಎಂದರು. ಅಂದರೆ ಹೆಂಗಸರು ಕೆರೆಯನ್ನು ಸುತ್ತಿ ಹೋಗಿ ಕೊಡ ತುಂಬಬೇಕು. ನಮ್ಮ ಮನೆಗೆ ನೀರು ಹೊರುತ್ತಿದ್ದವಳು ವೈನಿ, ನನ್ನ ಅಣ್ಣನ ಹೆಂಡತಿ. ಹೆರಿಗೆಯಾದಾಗಿನಿಂದ ಅವಳ ಸೊಂಟ ಹಿಡಿದಿತ್ತು.

“ಮಾವಾರು ಕೊಡ ಹೊರೂದಿಲ್ಲ, ಅವರಿಗೇನ ಗೊತ್ತಾಗತೈತಿ,” ಎಂದಳು ಕಾಕಾನ ಬಗ್ಗೆ. “ಹೊಲಸ ನೀರು ಕುಡಿಯೂಣು ಅಂತ ನಾ ಅನ್ನೂದಿಲ್ಲ. ಆದ್ರ ಅಷ್ಟ ದೂರ ನನ್ನ ಸೊಂಟ ಬರೂದಿಲ್ಲ ನೋಡ, ತಂಗಿ.”

ನಾನು ಆಗಷ್ಟೇ ಅಣ್ಣಿಗೇರಿಯಲ್ಲಿ ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ದಿನವೂ ಗಾಳಿಯ ದಿಕ್ಕು ಒಂದು ಕಡೆ, ಕಸ ನಿಂತ ಜಾಗ ಇನ್ನೊಂದು ಕಡೆ ಬರೆಯತೊಡಗಿದೆ. ಪಡುವಣ ಗಾಳಿ ಬೀಸಿದ ದಿನ ಕಸ ನಮ್ಮ ದಂಡೆಗೆ ಬರುತ್ತಿತ್ತು. ಗಾಳಿ ನಿಂತ ದಿನ ಚದುರುತ್ತಿತ್ತು. ಗಾಳಿ ಮೇಲಿನ ನೀರನ್ನು ಇತ್ತ ದಬ್ಬುತ್ತದೆ, ಅದು ಸರಿ. ಆದರೆ ದಿನವಿಡೀ ದಬ್ಬಿದರೂ ನೀರು ಇಲ್ಲಿ ರಾಶಿ ಬೀಳುವುದಿಲ್ಲವಲ್ಲ. ಬಂದ ನೀರು ಎಲ್ಲಿಗೆ ಹೋಗುತ್ತದೆ?

ಇಳಿದು ನೋಡುವಂತಿರಲಿಲ್ಲ. ಕುಡಿಯುವ ನೀರಿಗೆ ಯಾರೂ ಕಾಲಿಡುತ್ತಿರಲಿಲ್ಲ. ಚಪ್ಪಲಿಯನ್ನು ಏರಿಯ ಕೆಳಗೇ ಬಿಟ್ಟು, ಕೊನೆಯ ಮೆಟ್ಟಿಲ ಮೇಲೆ ಬಾಗಿ ಕೊಡ ಅದ್ದುತ್ತಿದ್ದೆವು. ಆದ್ದರಿಂದ ಇಡೀ ಊರಿಗೆ ಗೊತ್ತಿದ್ದದ್ದು ದಂಡೆಯ ಪಕ್ಕದ ಮೇಲ್ನೀರು ಮಾತ್ರ. ಬಾವಿಯ ಜಾಗವನ್ನೂ ಅದನ್ನು ನೋಡಿಯೇ ಆರಿಸಿದ್ದರು.

ನಾನು ಮನೆಯಲ್ಲೇ ಒಂದು ಕೆರೆ ಮಾಡಿದೆ. ಹಿಟ್ಟು ನಾದುವ ದೊಡ್ಡ ಪರಾತದ ತಳಕ್ಕೆ ಮಣ್ಣು ಮೆತ್ತಿ, ಅದರಲ್ಲಿ ಅಲ್ಲಲ್ಲಿ ಕಡ್ಡಿ ನೆಟ್ಟು, ನೀರು ತುಂಬಿದೆ. ಪ್ರತಿ ಕಡ್ಡಿಗೂ ನೂಲಿನ ಎರಡು ಎಳೆ: ಮೇಲೆ ಕೆಂಪು, ಕೆಳಗೆ ಬಿಳಿ. ಕಡ್ಡಿ ನಿಂತಲ್ಲೇ ನಿಂತಿರುತ್ತದೆ. ಆ ಒಂದು ಜಾಗದಲ್ಲಿ ನೀರು ಎತ್ತ ಹೊರಟಿದೆ ಎಂಬುದನ್ನು ಎಳೆ ತೋರಿಸಬೇಕು. ಮೊದಲು ಜೋಳದ ದಂಟಿನ ಸೀಳು ನೆಟ್ಟಿದ್ದೆ. ಅವು ದಪ್ಪವಾಗಿದ್ದರಿಂದ ನೀರು ಅವುಗಳ ಹಿಂದೆಯೇ ಸುಳಿದು ಎಳೆಗಳು ಸುಮ್ಮನೆ ಗಿರಗಿರ ತಿರುಗಿದವು. ನೋಡಲು ಇಟ್ಟದ್ದೇ ನೀರಿನ ದಾರಿಯನ್ನು ಕೆಡಿಸುತ್ತಿತ್ತು. ಕಸಬರಿಗೆಯ ಸಣ್ಣ ಕಡ್ಡಿ ನೆಟ್ಟ ಮೇಲೆ ಸರಿಹೋಯಿತು.

ಒಂದೇ ಕಡೆಯಿಂದ ಬೀಸಣಿಕೆ ಬೀಸುತ್ತ ಕುಳಿತೆ. ಕೆಂಪು ಎಳೆಗಳು ಗಾಳಿಯ ಜೊತೆ ಹೊರಳಿದವು. ಬಿಳಿಯವು ಸ್ವಲ್ಪ ಹೊತ್ತು ಜೋತುಬಿದ್ದಿದ್ದು, ಆಮೇಲೆ ನಿಧಾನವಾಗಿ ಗಾಳಿಗೆ ಎದುರಾಗಿ ಚಾಚಿಕೊಂಡವು.

“ವೈನಿ, ಇಲ್ಲಿ ನೋಡು.”

“ರೊಟ್ಟಿ ಹೊತ್ತಾತು, ಮೊದಲ ನನ್ನ ಪರಾತ ಕೊಡು,” ಎನ್ನುತ್ತ ಬಂದವಳು ಬಾಗಿ ನೋಡಿ ಅಲ್ಲೇ ಕುಳಿತುಬಿಟ್ಟಳು. “ಕೆಳಗಿಂದು ಹಿಂದ ಹೊಂಟೈತಲ್ಲ. ಅದರ ಜೋಡಿ ಕಸಾನೂ ಹೊಕ್ಕೈತೇನ?”

ನಾನು ಅದನ್ನು ಯೋಚಿಸಿರಲಿಲ್ಲ. ನೀರಿನ ಮೇಲೆ ಹೊಟ್ಟು ಉದುರಿಸಿ ಮತ್ತೆ ಬೀಸಿದೆ. ಹೊಟ್ಟು ತೇಲುತ್ತ ಬಂದು ಅಂಚಿಗೆ ತಾಗಿ ನಿಂತಿತು. ಬಿಳಿ ಎಳೆಗಳ ಹತ್ತಿರ ಒಂದು ಚೂರೂ ಸುಳಿಯಲಿಲ್ಲ.

ಪೈಪಿನ ಬಾಯಿ ಮೇಲ್ನೀರಿನ ಕೆಳಗಿದ್ದರೆ ಬಾವಿ ಮೂಡಣ ದಂಡೆಯಲ್ಲೇ ಆಗಬಹುದು ಎಂದೆ. ಕಾಕಾ ಕೇಳಿ ನಕ್ಕರು. “ಬಾವಿ ಪರಾತದಾಗ ತೋಡಸಬೇಕೇನ ಬೇ?”

“ಕೆರ್ಯಾಗ ತೋರಸ್ತೀನಿ, ಬರ್ರಿ ಕಾಕಾ.”

ಔಷಧದ ಬಾಟಲಿಗೆ ಕಲ್ಲು ಕಟ್ಟಿ, ಅದರ ಬಿರಡೆಗೆ ಉದ್ದನೆಯ ದಾರ ಕಟ್ಟಿದೆ. ಕೆರೆಯ ಮೂಡಣ ಮೂಲೆಯ ಒಂದು ಪಕ್ಕ ಅಣ್ಣ, ಇನ್ನೊಂದು ಪಕ್ಕ ನಾನು ಹಗ್ಗ ಹಿಡಿದು ನಿಂತೆವು. ಬಾಟಲಿ ಹಗ್ಗದ ನಡುವೆ ತೂಗುತ್ತಿತ್ತು.

“ದನಾ ಕಟ್ಟಿದ ಹಗ್ಗ ಅಲ್ಲ, ಹೌದಿಲ್ಲೊ?” ಎಂದರು ಕಾಕಾ.

“ಹೊಸಾದ್ರಿ ಮಾವಾರ. ಕುದಿಯೂ ನೀರಾಗ ಅದ್ದೀನಿ,” ಎಂದಳು ವೈನಿ.

ಬಾಟಲಿಯನ್ನು ಬೇಕಾದಷ್ಟು ಆಳಕ್ಕೆ ಇಳಿಸಿ ದಾರ ಜಗ್ಗಿದರೆ ಬಿರಡೆ ಕಿತ್ತು ಆ ಜಾಗದ ನೀರೇ ತುಂಬಿಕೊಳ್ಳುತ್ತಿತ್ತು. ಹೀಗೆ ಮೂರು ಬಾಟಲಿ ತುಂಬಿದೆವು. ಮೇಲಿನದರಲ್ಲಿ ಹಸಿರು ಚೂರುಗಳು ತೇಲುತ್ತಿದ್ದವು. ತಳದ್ದರಲ್ಲಿ ರಾಡಿ. ನಡುವಿನ ಆಳದ ನೀರು ಸ್ವಲ್ಪ ಮಬ್ಬಾಗಿತ್ತು, ಪಾಚಿ ಮಾತ್ರ ಇರಲಿಲ್ಲ. ಬೇಕೆಂದೇ ಗಾಳಿ ಜೋರಾಗಿದ್ದ ಹೊತ್ತು ನೋಡಿ ಬಂದಿದ್ದೆ.

ಕಾಕಾ ಆ ಬಾಟಲಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಖರೇನ. ಆದ್ರ ಬ್ಯಾಸಗ್ಯಾಗ ಕೆರಿ ಇಳೀತೈತಿ. ಇವತ್ತಿನ ನಡೂ ನೀರು ಆವಾಗ ಮ್ಯಾಲಿನ ನೀರಾಗತೈತಿ. ಪೈಪ ಎಲ್ಲಿಡ್ತಿ?”

ನಾನು ಉಳಿದ ಎರಡು ಬಾಟಲಿಗಳನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದೆ.

“ಪೈಪಿಗೆ ಒಂದ ಬಾಯಿ ಯಾಕ್ರಿ? ಮೂರು ಇಡಸ್ರಿ,” ಎಂದಳು ವೈನಿ, ಸೆರಗು ಸರಿಮಾಡಿಕೊಳ್ಳುತ್ತ. “ಒಂದರ ಕೆಳಗೊಂದು. ಬ್ಯಾಡಾದ್ದ ಮುಚ್ಚಿದ್ರಾತು.”

ಕಾಕಾ ಅಣ್ಣನ ಕಡೆ ತಿರುಗಿದರು. “ಕೇಳಿದೇನೋ ನಿನ್ನ ಹೆಂಡತಿ ಮಾತು? ಮನ್ಯಾಗೂ ಹಿಂಗ ಮಾಡತಾಳೇನ?”

“ಅಲ್ಲಿ ಎಲ್ಲಾ ಬಾಯಿ ಮುಚ್ಚಿಸ್ಯಾಳ್ರಿ,” ಎಂದ ಅಣ್ಣ.

ಮರುದಿನ ಮೂಡಣ ದಂಡೆಯಲ್ಲಿ ಬಾವಿಗೆ ಸುಣ್ಣದ ಗೆರೆ ಎಳೆದರು. ವೈನಿ ಕೊಡ ಎತ್ತಿಕೊಂಡು ಮನೆಯ ಹೊಸ್ತಿಲಿನಿಂದ ಆ ಗೆರೆಯವರೆಗೆ ನಡೆದುಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದಳು.

“ಇಷ್ಟಾದ್ರ ಸೊಂಟ ಬರತೈತಿ,” ಎಂದಳು.