ತೊಳೆಯಬಾರದ ಧೂಳು

ನಮ್ಮ ಹಿರಿಯೂರಿಗೆ ರೈಲು ಬರುತ್ತದೆ ಎಂಬ ಮಾತನ್ನು ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಅಳತೆ ಮಾಡಿದರಂತೆ, ಕಲ್ಲು ನೆಟ್ಟರಂತೆ, ಇನ್ನೇನು ಬಂದೇಬಿಟ್ಟಿತಂತೆ. ಊರಿಗೆ ಬರುವಾಗ ಬರಲಿ. ನಮ್ಮ ಮನೆಗಂತೂ ಹನ್ನೊಂದು ವರ್ಷದ ಹಿಂದೆಯೇ ಬಂದಿದೆ. ಮಹಡಿಯ ಕೋಣೆಯಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಲಗಿಸಿದ ಮೇಜಿನ ಮೇಲೆ, ಅದು ದಿನಾ ಸಂಜೆ ಏಳು ಗಂಟೆಗೆ ಹೊರಟು, ಏಳು ಗಂಟೆ ಒಂದು ನಿಮಿಷಕ್ಕೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಎಂಜಿನ್ನು ನನ್ನ ಗೇಣಿನಷ್ಟು ಉದ್ದ. ಅದರ ಹಿಂದೆ ಒಂಬತ್ತು ಅದಿರಿನ ಗಾಡಿಗಳು, ಒಂದೊಂದೂ ನನ್ನ ಸಾಸಿವೆ ಡಬ್ಬಿಗಿಂತ ಚಿಕ್ಕವು.

ಆ ಒಂಬತ್ತು ಗಾಡಿಗಳನ್ನು ನಾನು ಸೋಪಿನ ಪುಡಿ ಹಾಕಿ ತೊಳೆದೆ. ತಪ್ಪೊಪ್ಪಿಗೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇವರ ಮುಂದೆಯೂ ನಾನು ಹಾಗೇ ಮಾಡುತ್ತೇನೆ, ಬೇಡುವ ಮಾತು ಆಮೇಲೆ. ನಮ್ಮ ಮನೆಯವರು ಎಂಟು ತಿಂಗಳು ಕುಳಿತು, ನಾಲ್ಕು ಕೂದಲಿನ ಕುಂಚದಲ್ಲಿ ಮಾಡಿದ್ದ ಕೆಲಸವನ್ನು ನಾನು ಒಂದು ಮಧ್ಯಾಹ್ನದಲ್ಲಿ ಬಚ್ಚಲಿಗೆ ಹರಿಸಿದೆ. ಈಗ ಅವರ ಕಣ್ಣು ಮಂಜಾಗಿದೆ. ಅಂಥ ಕೆಲಸ ಇನ್ನು ಆ ಕೈಯಿಂದ ಆಗುವುದಿಲ್ಲ.

ಇವರದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಕೆಲಸ. ಹಗಲೆಲ್ಲ ಆಳೆತ್ತರದ ಮೋಟಾರುಗಳ ಜೊತೆ ಗುದ್ದಾಡಿ ಬಂದ ಮನುಷ್ಯ ಸಂಜೆ ಹೆಬ್ಬೆಟ್ಟಿನಷ್ಟು ಮೋಟಾರಿಗೆ ಕೂದಲಿನಂಥ ತಂತಿ ಸುತ್ತುತ್ತಾ ಕೂರುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮೈದಾಹಿಟ್ಟು ಅಂಟಾಗಿ ಹೋಯಿತು, ಹಳೆಯ ಪೇಪರು ಬೆಟ್ಟವಾಯಿತು. ಪಾತ್ರೆ ತಿಕ್ಕುವ ಹಸಿರು ನಾರು ಹರಿದು ಬೇಲಿಯ ಗಿಡಗಳಾಯಿತು. ನೆಂಟರು ಬಂದರೆ ಮಹಡಿಯ ಬಾಗಿಲಿಗೆ ಚಿಲಕ ಹಾಕುತ್ತಿದ್ದೆ. ಕುಡಿಯುವ ಗಂಡನನ್ನು ಮುಚ್ಚಿಡುವಂತೆ ಆಡುವ ಗಂಡನನ್ನು ಮುಚ್ಚಿಟ್ಟವಳು ಹಿರಿಯೂರಿನಲ್ಲಿ ನಾನೊಬ್ಬಳೇ ಇರಬೇಕು.

ಏಳು ಗಂಟೆಗೆ ಮೇಲಿನಿಂದ ಕೂಗುತ್ತಿದ್ದರು. "ಲೇ, ಬಾರೇ ಮೇಲೆ, ಗಾಡಿ ಬಿಡ್ತೀನಿ."

"ಒಲೆ ಮೇಲೆ ಸಾರೈತೆ. ನಿಮ್ಮ ಗಾಡಿ ಎಲ್ಲಿಗೂ ಹೋಗಲ್ಲ, ಅಲ್ಲೇ ಸುತ್ತುತೈತೆ. ನಾಳೆ ನೋಡ್ತೀನಿ ಬಿಡ್ರಿ."

ಹನ್ನೊಂದು ವರ್ಷದಲ್ಲಿ ಎಷ್ಟು ಸಂಜೆಗಳಾದವು? ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ಸಾರು ಒಂದು ನಿಮಿಷ ಹೆಚ್ಚು ಕುದಿದರೆ ಕೆಡುವುದಿಲ್ಲ ಎಂಬುದು ಅಡಿಗೆ ಕಲಿತ ಮೊದಲ ವಾರವೇ ನನಗೆ ಗೊತ್ತಿತ್ತು.

ಒಂದು ಹುಚ್ಚು ಸಾಲದೆಂದು ಇನ್ನೊಂದು ಹುಚ್ಚು ಬಸ್ಸು ಹತ್ತಿ ಬರುತ್ತಿತ್ತು. ತಿಪ್ಪೇಸ್ವಾಮಿ ಮೇಷ್ಟ್ರು ಎಂದು ಇವರ ಬಾಲ್ಯದ ಗೆಳೆಯರು, ಹೊಳಲ್ಕೆರೆಯಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ರೈಲಿನ ಮೋಹವಿಲ್ಲ, ಅವರದು ಯುದ್ಧ. ಬೆರಳಿನ ಗಿಣ್ಣಿನಷ್ಟು ಎತ್ತರದ ಲೋಹದ ಸಿಪಾಯಿಗಳು, ಒಂದು ಕಡೆ ನಮ್ಮ ದುರ್ಗದ ಪಾಳೆಯಗಾರರ ದಂಡು, ಇನ್ನೊಂದು ಕಡೆ ನವಾಬನ ದಂಡು. ಮೇಜಿನ ಒಂದು ಮೂಲೆಯ ಪೇಪರಿನ ಬೆಟ್ಟವೇ ಏಳು ಸುತ್ತಿನ ಕೋಟೆ. ನನ್ನ ಹೊಲಿಗೆಯ ಟೇಪಿನಲ್ಲಿ ಅಳೆದು ಸಿಪಾಯಿಗಳನ್ನು ನಡೆಸುತ್ತಾರೆ, ದಾಳ ಉರುಳಿಸಿ ಯಾರು ಸತ್ತರೆಂದು ತೀರ್ಮಾನಿಸುತ್ತಾರೆ. ಸಿಪಾಯಿಗಳು ಮೇಷ್ಟ್ರವು, ಅವಕ್ಕೆ ಬಣ್ಣ ಇವರದು, ಬೀಡು ನಮ್ಮ ಮೇಜಿನ ಮೇಲೆ.

ಭಾನುವಾರ ಕಾಫಿ ಕೊಡಲು ಹೋದರೆ ಇಬ್ಬರದೂ ಜಗಳ.

"ಏನಪ್ಪ, ನಿನ್ನ ಗಾಡಿ ನಿಲ್ಸು. ಪಾಳೆಯಗಾರರ ಕಾಲದಾಗೆ ರೈಲೆಲ್ಲಿತ್ತು? ನನ್ನ ಕುದ್ರೆ ಬೆದರ್ತಾವೆ."

"ಗಾಡಿ ಟೈಮಿಗೆ ಹೋಗ್ಬೇಕು ಮೇಷ್ಟ್ರೆ. ಗೇಟ್ ಹಾಕೈತೆ, ನಿಮ್ಮ ನವಾಬಂಗೆ ಒಂದ್ನಿಮಿಷ ನಿಂತ್ಕಳಕ್ಕೆ ಹೇಳ್ರಿ."

ಮೇಷ್ಟ್ರು ಯಾವಾಗಲೂ ದುರ್ಗದ ಕಡೆಯೇ ಆಡುವುದು, ಯಾವಾಗಲೂ ಸೋಲುವುದು. ಒಮ್ಮೆ ಕೇಳಿಯೇಬಿಟ್ಟೆ, "ಸೋಲು ಅಂತ ಗೊತ್ತಿರೋದನ್ನ ಎಷ್ಟು ಸಲ ಆಡ್ತೀರಿ ಮೇಷ್ಟ್ರೆ?" ಅವರು ನಗಲಿಲ್ಲ. "ಒಂದ್ಸಲನಾದ್ರೂ ಬೇರೆ ಥರ ಆಗ್ಬೋದೇನೋ ಅಂತ ಅಕ್ಕಾ" ಎಂದರು. ಅಡಿಗೆಮನೆಗೆ ಬಂದು ನಾನೊಬ್ಬಳೇ ನಕ್ಕಿದ್ದೆ.

ನಗುವ ಅಧಿಕಾರ ನನಗಿತ್ತೇ ಎಂದು ಈಗ ಯೋಚಿಸುತ್ತೇನೆ. ಮಕ್ಕಳಾಗಲೆಂದು ಮರಕ್ಕೆ ಬೆರಳುದ್ದದ ತೊಟ್ಟಿಲು ಕಟ್ಟುವವರು ನಾವೇ. ಕಣ್ಣುನೋವು ವಾಸಿಯಾದರೆ ಅವ್ವನ ಗುಡಿಗೆ ಅಕ್ಕಿಕಾಳಿನಷ್ಟು ಬೆಳ್ಳಿಯ ಕಣ್ಣು ಒಪ್ಪಿಸುವವರೂ ನಾವೇ. ಗೌರಿ ಹುಣ್ಣಿಮೆಗೆ ಸಕ್ಕರೆಪಾಕವನ್ನು ಅಚ್ಚಿಗೆ ಹೊಯ್ದು ಆನೆ, ಕುದುರೆ, ಒಂಟೆ ಮಾಡಿ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಆರತಿ ಒಯ್ಯುತ್ತೇವಲ್ಲ, ಅದೇನು ದಂಡಲ್ಲವೇ? ಜಗತ್ತನ್ನೆಲ್ಲ ತುಂಬಿಕೊಂಡ ಶಿವ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವನಾಗಿ ಬಂದು ಕೂರುತ್ತಾನೆಂದು ದಿನಾ ಕೈಮುಗಿಯುವ ನಾನು, ಗಂಡ ಒಂದು ಸ್ಟೇಷನ್ನನ್ನು ಅಂಗೈಯಷ್ಟು ಮಾಡಿದರೆ ಹುಡುಗಾಟ ಎಂದೆ. ದೊಡ್ಡದನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿಕೊಳ್ಳುವುದು ಪ್ರೀತಿಯ ಒಂದು ರೀತಿ. ಈ ಮಾತು ಬುದ್ಧಿಗೆ ಹೊಳೆದದ್ದು ತಡವಾಗಿ.

ಹೋದ ವರ್ಷ ಗೌರಿ ಹುಣ್ಣಿಮೆಯ ಹಿಂದಿನ ಶನಿವಾರ. ಮಾರನೆಯ ದಿನ ದುರ್ಗದಿಂದ, ದಾವಣಗೆರೆಯಿಂದ ಇಂಥದೇ ಹುಚ್ಚಿನ ನಾಲ್ವರು ನಮ್ಮ ಮನೆಗೆ ಬರುವವರಿದ್ದರು, ಇವರ ರೈಲು ನೋಡಲು, ಮೇಷ್ಟ್ರ ಯುದ್ಧ ಆಡಲು. ಇವರು ಹೊಸ ಅಳಿಯನ ಹಾಗೆ ಸಂಭ್ರಮಪಡುತ್ತಿದ್ದರು. ಅದನ್ನು ಕಂಡು ನನ್ನ ಮನಸ್ಸೂ ಕರಗಿತು. ಇಷ್ಟು ವರ್ಷ ಬೈದದ್ದಾಯಿತು, ಈ ಸಲ ನನ್ನ ಕೈಯಿಂದಲೂ ಏನಾದರೂ ಆಗಲಿ ಎಂದುಕೊಂಡೆ. ದಯವಿಟ್ಟು ಗಮನಿಸಿ, ನಾನು ಕೋಪದಲ್ಲಿ ಕೆಡಿಸಲಿಲ್ಲ. ಕೋಪದಲ್ಲಿ ಕೆಡಿಸಿದ್ದರೆ ಕ್ಷಮೆ ಕೇಳುವುದಾದರೂ ಸುಲಭವಾಗುತ್ತಿತ್ತು.

ಇವರು ಅಂಗಡಿಗೆ ಹೋದ ಮೇಲೆ ಪೊರಕೆ ಹಿಡಿದು ಮಹಡಿ ಹತ್ತಿದೆ. ಮೇಜಿನ ಹತ್ತಿರ ಹೋಗಿ ನೋಡುತ್ತೇನೆ, ಅಯ್ಯೋ ಶಿವನೇ, ಎಷ್ಟು ಕೊಳೆ! ಗಾಡಿಗಳ ಮೈತುಂಬ ಕೆಂಧೂಳು. ಸ್ಟೇಷನ್ನಿನ ಗೋಡೆ ಮೊಣಕಾಲೆತ್ತರದವರೆಗೆ ಕೆಂಪು. ಸಿಪಾಯಿಗಳ ಕಾಲಿಗೆಲ್ಲ ಕೆಸರು. ನನ್ನ ತವರು ಹೊಳಲ್ಕೆರೆಯ ಕಡೆ, ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕ. ಹಗ್ಗಕ್ಕೆ ಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆ ಬಣ್ಣವಾಗುವ ಊರು ಅದು. ಮದುವೆಯಾಗುವವರೆಗೂ ಆ ಧೂಳನ್ನು ತೊಳೆದೂ ತೊಳೆದೂ ನನ್ನ ಬೆರಳು ಸವೆದಿದ್ದವು. ಅದೇ ಧೂಳು ಇಲ್ಲಿಗೂ ಬಂದು ಕೂತಿದೆಯಲ್ಲ ಎಂದು ಸಿಟ್ಟು ಬಂತು. ಅದೇ ಧೂಳು ಇಲ್ಲಿಗೆ ಹೇಗೆ ಬಂತು ಎಂದು ಒಂದು ಗಳಿಗೆ ಯೋಚಿಸಿದ್ದರೆ ಈ ಬರಹ ಬೇಕಿರಲಿಲ್ಲ.

ಗಾಡಿಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಸ್ಟೇಷನ್ನಿನ ಗೋಡೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿದೆ. ಒಬ್ಬ ಸಿಪಾಯಿಯ ಅಡಿಯಲ್ಲಿ ಬೆಳ್ಳಗೆ ಲೋಹ ಮಿನುಗಿತು. ಓಹೋ, ಒಳಗೆ ಇಷ್ಟು ಹೊಳಪಿದೆಯೇ, ಮಾಸಲು ಬಣ್ಣಕ್ಕಿಂತ ಇದೇ ಚೆಂದ ಎಂದು ಹುಣಸೆಹಣ್ಣು ತಂದೆ. ದೇವರ ಸಾಮಾನು ಬೆಳಗಿದ ಹಾಗೆ ಎರಡೂ ದಂಡುಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿ ಬೆಳಗಿದೆ. ಆಮೇಲೆ ಮೊರದಲ್ಲಿ ಹರಡಿ, ಸಂಡಿಗೆ ಒಣಗಿಸುವಂತೆ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಪಾಳೆಯಗಾರರೂ ನವಾಬನೂ ಒಂದೇ ಮೊರದಲ್ಲಿ ಪಕ್ಕಪಕ್ಕ ಮಲಗಿ ಹೊಳೆಯುತ್ತಿದ್ದರು.

ಸಂಜೆ ಇವರು ಬಂದರು. ಕೈಹಿಡಿದು ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಗಾಡಿಯನ್ನು ಎತ್ತಿಕೊಂಡು ಕಣ್ಣಿನ ಹತ್ತಿರಕ್ಕೆ, ಮೂಗು ತಾಗುವಷ್ಟು ಹತ್ತಿರಕ್ಕೆ ಹಿಡಿದು ನೋಡಿದರು.

"ಹೊಳಪು ಚೆನ್ನಾಗ್ ಬಂದೈತೆ ಬಿಡು," ಎಂದರು. "ಕೈ ನೋಯ್ತೇನೋ."

ನಾನು ಹಿಗ್ಗಿದೆ. ನೋಡಿ, ಆ ಮಾತಿಗೆ ನಾನು ಹಿಗ್ಗಿದೆ.

ಭಾನುವಾರ ಬಂದವರು ಸಭ್ಯರು. ಮೇಜನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೇ. ಯುದ್ಧಕ್ಕೆ ಕುಳಿತಾಗ ತೊಡಕಾಯಿತು, ಯಾರ ಸಿಪಾಯಿ ಯಾರು? ಎಲ್ಲರೂ ಬತ್ತಲೆ ಬೆಳ್ಳಗೆ. ಕೊನೆಗೆ ನಾನೇ ದೇವರಕೋಣೆಯಿಂದ ಬಟ್ಟಲು ತಂದುಕೊಟ್ಟೆ. ದುರ್ಗದವರಿಗೆ ವಿಭೂತಿ, ನವಾಬನ ಕಡೆಯವರಿಗೆ ಅರಿಶಿನ. ನಾಲ್ಕು ಸುತ್ತು ಆಡುವಷ್ಟರಲ್ಲಿ ಬೆರಳು ತಾಗಿ ಎಲ್ಲ ಕಲಸಿಹೋಗಿ ಮೇಷ್ಟ್ರು ತಮ್ಮವರನ್ನೇ ಹನ್ನೆರಡು ಜನರನ್ನು ಕೊಂದರು. ಎಲ್ಲರೂ ನಕ್ಕರು. ಇವರೂ ನಕ್ಕರು, ಒಂದು ಕ್ಷಣ ತಡವಾಗಿ.

ಲೋಟ ತೆಗೆಯಲು ಹೋದಾಗ ಮೇಷ್ಟ್ರು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು.

"ಅಕ್ಕಾ, ಅದು ಕೊಳೆ ಅಲ್ರಿ. ಬಣ್ಣ."

ನನಗೆ ಅರ್ಥವಾಗಲಿಲ್ಲ. "ಕೊಳೇನ ಯಾರಾದ್ರೂ ಬಣ್ಣದಾಗೆ ಬರೀತಾರಾ ಮೇಷ್ಟ್ರೆ?"

"ಹೊಸ ಗಾಡಿ ಹೊಸದಾಗೇ ಇದ್ರೆ ಆಟದ ಸಾಮಾನು ಥರ ಕಾಣ್ತೈತೆ. ಧೂಳು, ತುಕ್ಕು, ಮಸಿ ಬರೆದ್ರೇನೇ ನಿಜದ ಗಾಡಿ ಆಗೋದು. ಇಷ್ಟು ಮಂದಿ ಬಂದಿದ್ದು ಅದನ್ನ ನೋಡಕ್ಕೇ. ಆ ಸ್ಟೇಷನ್ ಯಾವ್ದು ಅಂತ ತಿಳ್ಕಂಡಿದೀರಿ? ಹೊಳಲ್ಕೆರೇದು. ನಿಮ್ಮನ್ನ ನೋಡಕ್ಕೆ ಬಂದಾಗ ಇವ್ನು ಇಳಿದಿದ್ದನಲ್ಲ, ಅದೇ. ಆ ಕೆಂಪು ಬರ್ಲಿಲ್ಲ, ಬರ್ಲಿಲ್ಲ ಅಂತ ಎಷ್ಟು ಸಲ ಅಳಿಸಿ ಹಚ್ಚಿದ್ನೋ. ಡಾಕ್ಟ್ರು ಹೇಳಿದ್ರು, ಸಕ್ಕರೆ ಕಾಯ್ಲೆ ಕಣ್ಣಿಗೆ ಇಳಿದೈತೆ ಅಂತ. ಕಣ್ಣು ಇರಾಗಂಟ ಇದೊಂದು ಮುಗಿಸಿಬಿಡ್ತೀನಿ ಅಂತ ಕುಂತಿದ್ದ. ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ಹೇಳಲು ಕರೆದಿದ್ದರೋ ಏನೋ, ದಿನಾ ಏಳು ಗಂಟೆಗೆ. ನನ್ನ ಸಾರು ಒಲೆಯ ಮೇಲಿತ್ತು.

ಹೆಣ್ಣು ನೋಡಲು ಬಂದ ದಿನ ಇವರು ಬಿಳಿಯ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಸ್ಟೇಷನ್ನಿನಿಂದ ನಡೆದು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅದು ಮೊಣಕಾಲಿನವರೆಗೆ ಕೆಂಪಾಗಿತ್ತು. ನಮ್ಮವ್ವ ನಗು ತಡೆಯಲಾರದೆ ಒಳಗೆ ಓಡಿದ್ದಳು. ಗೋಡೆಯ ಮೊಣಕಾಲೆತ್ತರದ ಆ ಕೆಂಪನ್ನು ನಾನು ಎರಡು ಸಲ ಒರೆಸಿದ್ದೆ, ಮೊದಲ ಸಲಕ್ಕೆ ಪೂರ್ತಿ ಹೋಗಲಿಲ್ಲವೆಂದು.

ದಿನಾ ದೀಪ ಹಚ್ಚಿದ ಮೇಲೆ, ಆ ದಿನ ದೇವರು ಮಾಡಿದ ಮೂರು ಉಪಕಾರಗಳನ್ನು ನೆನೆಯುವುದು ನನ್ನ ಪದ್ಧತಿ. ದೊಡ್ಡದೇನಲ್ಲ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಮಂಡಿನೋವು ಮೆಟ್ಟಿಲು ಹತ್ತಲು ಬಿಟ್ಟಿತು, ಇಷ್ಟೆ. ಆ ಸಂಜೆ ಒಂದೇ ಒಂದು ಸಿಕ್ಕಿತು: ಇವರು ಬೈಯಲಿಲ್ಲ. ಅದನ್ನು ಉಪಕಾರ ಎಂದು ಎಣಿಸಲು ಹೋಗಿ, ಮಡಿಸಿದ ಬೆರಳನ್ನು ಮತ್ತೆ ಬಿಚ್ಚಿದೆ. ಬೈದಿದ್ದರೆ ನಾನೂ ಎದುರು ಮಾತಾಡಿ, ಅತ್ತು, ಮುಗಿಸಿಬಿಡಬಹುದಿತ್ತು. ಬೈಯದವರ ಮುಂದೆ ಮುಗಿಸುವುದು ಹೇಗೆ?

ಒಂದು ಸಲವಾದರೂ ಬೇರೆ ಥರ ಆಗಬಹುದೇನೋ ಎಂದ ಮೇಷ್ಟ್ರ ಮಾತು ಈಗ ಅರ್ಥವಾಗುತ್ತದೆ. ಆ ಶನಿವಾರವನ್ನು ನಾನೂ ಮತ್ತೆ ಮತ್ತೆ ಆಡುತ್ತೇನೆ. ಒಂದು ಆಟದಲ್ಲಿ ಪೊರಕೆ ಸಿಗುವುದಿಲ್ಲ. ಇನ್ನೊಂದರಲ್ಲಿ ಪಕ್ಕದ ಮನೆಯವಳು ಸಕ್ಕರೆ ಅಚ್ಚು ಕೇಳಲು ಬಂದು ಮಾತಿಗೆ ಕೂರುತ್ತಾಳೆ. ಮತ್ತೊಂದರಲ್ಲಿ ನಾನು ಗಾಡಿಯನ್ನು ಕೈಗೆತ್ತಿಕೊಂಡು, "ಅರೆ, ಇದು ನಮ್ಮೂರಿನ ಧೂಳು" ಎಂದು ಅಲ್ಲೇ ಕುಳಿತುಬಿಡುತ್ತೇನೆ. ದಾಳ ಹೇಗೆ ಬಿದ್ದರೂ ಕೊನೆಗೆ ಸೋಪಿನ ನೀರು ಕೆಂಪಾಗಿ ಬಚ್ಚಲಿಗೆ ಹರಿಯುತ್ತದೆ.

ಸಂಕ್ರಾಂತಿಗೆ ತವರಿಗೆ ಹೋದಾಗ ರಸ್ತೆಯ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೆಂಧೂಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಅಷ್ಟು ವರ್ಷ ಕೊಡವಿದ ಧೂಳನ್ನು ಗಂಟುಹಾಕಿಕೊಂಡು ಬಂದು, ಒಂದು ಗಾಡಿಗೆ ಚಿಮುಕಿಸಿದೆ. ಅದು ಧೂಳಿನಂತೆ ಕಾಣಲೇ ಇಲ್ಲ. ಆ ಪುಟ್ಟ ಗಾಡಿಯ ಮೇಲೆ ಒಂದೊಂದು ಕಣವೂ ಬಂಡೆಯಂತೆ ಕೂತಿತು. ಇವರು ಬೆರಳಿನಲ್ಲಿ ಸವರಿ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕ ನಗು.

"ಗಾಡಿ ಚಿಕ್ಕದಾದ್ರೆ ಧೂಳೂ ಚಿಕ್ಕದಾಗ್ಬೇಕು ಕಣೇ. ಅರೆದು ಬಟ್ಟೇಲಿ ಸೋಸು."

ಕಲ್ಲಿನಲ್ಲಿ ಅರೆದು, ಶೀಗೆಪುಡಿ ಸೋಸುವ ತೆಳ್ಳನೆಯ ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಈಗ ಸಂಜೆಗಳಲ್ಲಿ ಇವರು ಪಕ್ಕದಲ್ಲಿ ಕುಳಿತು ಹೇಳುತ್ತಾರೆ, ನಾನು ಹಚ್ಚುತ್ತೇನೆ. ಚಕ್ರದ ಹತ್ತಿರ ಜಾಸ್ತಿ, ಮೇಲೆ ಕಡಿಮೆ, ಮೂಲೆಯಲ್ಲಿ ಗಾಢವಾಗಿ. ರಂಗೋಲಿ ಎಳೆದ ಕೈ, ನಡುಗುವುದಿಲ್ಲ, ಅದೊಂದು ಉಪಕಾರ. ಆದರೂ ಇವರದ್ದರ ಹಾಗೆ ಬಂದಿಲ್ಲ. ಒಂಬತ್ತರಲ್ಲಿ ಎರಡು ಮುಗಿದಿವೆ. ಸ್ಟೇಷನ್ನಿನ ಗೋಡೆಯನ್ನು ಮುಟ್ಟಲು ನನಗಿನ್ನೂ ಮನಸ್ಸಾಗಿಲ್ಲ. ದೇವರ ಸಾಮಾನು ಬೆಳಗುವಾಗಲೂ ಹುಣಸೆಹಣ್ಣು ಹಿಡಿದ ಕೈ ಒಂದು ಗಳಿಗೆ ತಡೆಯುತ್ತದೆ, ಇದು ಕೊಳೆಯೋ, ಯಾರೋ ಹಚ್ಚಿದ್ದೋ ಎಂದು.

ನಿನ್ನೆ ಎರಡನೆಯ ಗಾಡಿ ಮುಗಿದಾಗ ಇವರು ಕೇಳಿದರು, "ಹೆಂಗ್ ಕಾಣ್ತೈತೆ?"

"ಕೊಳಕಾಗೈತ್ರಿ. ನೋಡಿದ್ರೆ ತೊಳೀಬೇಕು ಅನ್ನಿಸ್ತೈತೆ."

"ಹಂಗಾದ್ರೆ ಸರಿಯಾಗೈತೆ. ಬಿಡು ಗಾಡಿ."

ಗಾಡಿ ಬಿಡುವ ಗುಂಡಿಯನ್ನು ನಾನೇ ತಿರುಗಿಸಿದೆ. ಒಲೆ ಆರಿಸಿಯೇ ಮೇಲೆ ಬಂದಿದ್ದೆ.